ಮೂರು ತಿಂಗಳಿನ ಆಚೆಗೆ

"ಸರ್, ಯಾವ ಕೋರ್ಸಿಗೆ ಸ್ಕೋಪ್ ಇದೆ?"

ನಿವೃತ್ತನಾಗಿ ಮನೆಯಲ್ಲಿ ಕೂತರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪಿಯುಸಿ ಫೇಲಾದವರು ಕೇಳುತ್ತಾರೆ. ಬಿಎ ಮುಗಿಸಿ ಧಾರವಾಡದಲ್ಲಿ ರೂಮು ಮಾಡಿ, ಪಿಎಸ್‌ಐ, ಎಫ್‌ಡಿಎ ಪರೀಕ್ಷೆ ಬರೆದು ಬರೆದು ದಣಿದವರು ಕೇಳುತ್ತಾರೆ. ಬಿಇ ಮಾಡಿದ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಪ್ಪಂದಿರೂ ಕೇಳುತ್ತಾರೆ, ಮಗ ನೆಲ ನೋಡುತ್ತಾ ನಿಂತಿರುತ್ತಾನೆ. ಸರ್ಕಾರಿ ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತಲೇ ತಲೆ ನರೆತವನು ನಾನು. ಹೀಗಾಗಿ ಈ ಮೇಷ್ಟ್ರಿಗೆ ಗೊತ್ತಿರಬೇಕು ಎಂಬ ನಂಬಿಕೆ ಅವರಿಗೆ. ನಾನು ಎಲ್ಲರಿಗೂ ಹೇಳುವುದು ಒಂದೇ: ಸ್ಕೋಪಿನ ಮಾತು ಆಮೇಲೆ ನೋಡೋಣ. ಆ ಕೋರ್ಸು ನಿನ್ನನ್ನು ನಿಜವಾದ ಕೆಲಸದ ಜಾಗದಲ್ಲಿ ಎಷ್ಟು ದಿನ ನಿಲ್ಲಿಸುತ್ತದೆ, ಅದನ್ನು ಮೊದಲು ಕೇಳಿಕೊಂಡು ಬಾ.

ತರಬೇತಿಗೆ ಬರವಿರುವ ಕಾಲವಂತೂ ಇದಲ್ಲ. ಧರ್ಮಸ್ಥಳದ ಟ್ರಸ್ಟ್ ಎರಡು ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟಿ ಎಂಬ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದ್ದು 1982ರಲ್ಲಿ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಅದೇ ಮಾದರಿಯನ್ನು ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೆ ಒಯ್ದಿತು. ಆಮೇಲೆ 2014ರಲ್ಲಿ ಹಳ್ಳಿಯ ಬಡ ಯುವಕರಿಗಾಗಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, 2017ರಲ್ಲಿ ನಮ್ಮದೇ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಬಂದವು. ಹೆಸರುಗಳು ಬಂದಷ್ಟೇ ಬೇಗ ಬದಲಾಗುತ್ತವೆ, ಅವನ್ನು ಬಾಯಿಪಾಠ ಮಾಡಬೇಕಿಲ್ಲ. ಆದರೆ ಈ ಯೋಜನೆಗಳು ಲೆಕ್ಕ ಇಡುವುದು ಹೇಗೆ ಎಂಬುದು ನಿಮಗೆ ತಿಳಿದಿರಲೇಬೇಕು. ಅದನ್ನು ಯಾವ ಕೌನ್ಸೆಲಿಂಗ್‌ನಲ್ಲೂ ಹೇಳುವುದಿಲ್ಲ.

ಹೆಚ್ಚಿನ ಯೋಜನೆಗಳಲ್ಲಿ ತರಬೇತಿ ಕೊಡುವ ಸಂಸ್ಥೆಗೆ ಸರ್ಕಾರದ ದುಡ್ಡು ಒಂದೇ ಸಲ ಸಿಗುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪರೀಕ್ಷೆ ಪಾಸಾದರು, ಎಷ್ಟು ಮಂದಿಗೆ ಪ್ಲೇಸ್‌ಮೆಂಟ್ ಆಯಿತು ಎಂದು ನೋಡಿ ಕೊಡುತ್ತಾರೆ. ದೀನದಯಾಳ್ ಯೋಜನೆಯ ನಿಯಮದಲ್ಲಿ ಪ್ಲೇಸ್‌ಮೆಂಟ್ ಎಂದರೆ ಮೂರು ತಿಂಗಳು ಕೆಲಸದಲ್ಲಿ ಇದ್ದು ಸಂಬಳದ ಚೀಟಿ ತೋರಿಸುವುದು. ಇದು ತಪ್ಪು ನಿಯಮ ಎನ್ನುತ್ತಿಲ್ಲ. ಅಷ್ಟೂ ಇಲ್ಲದಿದ್ದರೆ ಸರ್ಟಿಫಿಕೇಟ್ ಹಂಚಿ ಕೈತೊಳೆದುಕೊಳ್ಳುವವರು ಇನ್ನೂ ಹೆಚ್ಚಾಗುತ್ತಿದ್ದರು. ಆದರೆ ಮೂರು ತಿಂಗಳಾದ ಮೇಲೆ ನೀವು ಅಲ್ಲಿ ಇದ್ದರೇನು, ಬಿಟ್ಟರೇನು, ಅವರ ಕಾಗದದಲ್ಲಿ ನಿಮ್ಮ ಹೆಸರಿನ ಮುಂದೆ ಟಿಕ್ ಬಿದ್ದಾಗಿರುತ್ತದೆ. ವನಮಹೋತ್ಸವದಲ್ಲಿ ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಹೋದ ಹಾಗೆ. ನೀರು ಹಾಕುವವರು ಯಾರು ಎಂಬುದನ್ನು ಸೇರುವ ಮೊದಲೇ ವಿಚಾರಿಸಿ.

ವಿಚಾರಿಸುವುದೆಂದರೆ ಬ್ರೋಷರ್ ಓದುವುದಲ್ಲ. ಒಂದು ದಿನ ಖರ್ಚು ಮಾಡಿ ಆ ಸೆಂಟರಿಗೆ ಹೋಗಿ. ಸಾಲಾಗಿ ಕಂಪ್ಯೂಟರ್ ಇಟ್ಟಿರುತ್ತಾರೆ, ಆನ್ ಆಗುತ್ತವೆಯೇ ನೋಡಿ. ವೆಲ್ಡಿಂಗ್ ಕೋರ್ಸಾದರೆ ಮೂಲೆಯಲ್ಲಿ ಸುಟ್ಟ ರಾಡಿನ ತುಂಡುಗಳು ಬಿದ್ದಿವೆಯೇ ನೋಡಿ. ಇಲ್ಲದಿದ್ದರೆ ಅಲ್ಲಿ ವೆಲ್ಡಿಂಗ್ ನಡೆಯುತ್ತಿಲ್ಲ, ಅಷ್ಟೇ. ಹೊಲಿಗೆ ಕ್ಲಾಸಿನ ನೆಲದ ಮೇಲೆ ಬಟ್ಟೆ ಚೂರು ಇರಬೇಕು, ಮೋಟಾರ್ ರಿವೈಂಡಿಂಗ್ ಕಲಿಸುವಲ್ಲಿ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಬೇಕು. ಸ್ವಚ್ಛವಾಗಿ ಥಳಥಳಿಸುವ ವರ್ಕ್‌ಶಾಪ್ ಕಂಡರೆ ನನಗೆ ಇಂದಿಗೂ ಅನುಮಾನ. ಹಾಗೇ ಹೋದ ವರ್ಷ ಅಲ್ಲಿ ಕಲಿತು ಹೊರಬಂದ ಇಬ್ಬರ ಫೋನ್ ನಂಬರ್ ಕೇಳಿ. ಕೊಡಲು ತಡವರಿಸಿದರೆ ಎದ್ದು ಬನ್ನಿ. ಸರ್ಕಾರಿ ಯೋಜನೆಯ ತರಬೇತಿಗೆ "ರಿಜಿಸ್ಟ್ರೇಷನ್ ಫೀಸು", "ಯೂನಿಫಾರಂ ಡಿಪಾಸಿಟ್" ಎಂದು ಕೈಯೊಡ್ಡಿದರೂ ಎದ್ದು ಬನ್ನಿ. ಕೆಲಸ ಕೊಡಿಸಲು ಮುಂಗಡ ಹಣ ಕೇಳುವವನ ಬಳಿ ಕೊಡಲು ಕೆಲಸ ಇರುವುದಿಲ್ಲ.

ಒಳ್ಳೆಯ ಜಾಗಗಳು ಇಲ್ಲವೇ? ಇವೆ, ನಮ್ಮ ರಾಜ್ಯದಲ್ಲೇ ಇವೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಇಂದು ಹಲವು ಜಿಲ್ಲೆಗಳಲ್ಲಿದೆ. ಅದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಅಲ್ಲೇ ಕಲಿತು, ನಾಲ್ಕನೇ ವರ್ಷ ಪೂರ್ತಿ ಕಾರ್ಖಾನೆಯಲ್ಲಿ ಕಳೆಯಬೇಕು. ಆ ನಾಲ್ಕನೇ ವರ್ಷವೇ ಅದರ ಜೀವ. ಬಿಡದಿಯ ಟೊಯೊಟಾ ತರಬೇತಿ ಸಂಸ್ಥೆ 2007ರಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಆರಿಸಿಕೊಂಡು, ಹಾಸ್ಟೆಲಿನಲ್ಲಿಟ್ಟು ಮೂರು ವರ್ಷ ಕಲಿಸುತ್ತಿದೆ. ಸೀಟು ಕಡಿಮೆ, ಪೈಪೋಟಿ ಜೋರು. ಸ್ವಂತ ಉದ್ಯೋಗ ಮಾಡುತ್ತೇನೆ ಎನ್ನುವವರಿಗೆ ರುಡ್‌ಸೆಟಿಯಂಥ ಕಡೆ ಕೆಲವೇ ವಾರಗಳ ತರಬೇತಿ ಸಾಕು. ಆದರೆ ಅಲ್ಲಿನ ನಿಜವಾದ ಬೆಲೆ ಆ ವಾರಗಳದ್ದಲ್ಲ. ಆಮೇಲೆ ಎರಡು ವರ್ಷ ಅವರು ನಿಮ್ಮ ಬೆನ್ನು ಬಿಡುವುದಿಲ್ಲ. ಸಾಲ ಮಂಜೂರಾಯಿತೇ, ಹಸು ತಂದೆಯಾ, ಅಂಗಡಿ ತೆರೆದೆಯಾ ಎಂದು ವಿಚಾರಿಸುತ್ತಾರೆ. ಮದುವೆ, ಮಕ್ಕಳು ಎಂದು ಹತ್ತು ವರ್ಷ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳಿಗೂ, ನಲವತ್ತರ ಹತ್ತಿರ ಬಂದು ಕೆಲಸ ಕಳೆದುಕೊಂಡ ಗಂಡಸರಿಗೂ ಈ ಬಾಗಿಲು ತೆರೆದಿದೆ. ಕಾರ್ಖಾನೆಯ ಗೇಟು ಅವರ ವಯಸ್ಸು ನೋಡಿ ಹಿಂದೆ ಕಳಿಸಬಹುದು, ಇಲ್ಲಿ ಹಾಗಾಗುವುದಿಲ್ಲ.

ಇನ್ನು ಅಪ್ರೆಂಟಿಸ್‌ಶಿಪ್. ನಮ್ಮ ಹುಡುಗರು ಇದನ್ನು ಕೀಳಾಗಿ ನೋಡುತ್ತಾರೆ. "ಪರ್ಮನೆಂಟ್ ಅಲ್ವಲ್ಲ ಸರ್" ಎನ್ನುತ್ತಾರೆ. ಪರ್ಮನೆಂಟ್ ಅಲ್ಲ, ನಿಜ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕ ಅಲ್ಲ. ಅವಧಿ ಮುಗಿದ ಮೇಲೆ ಕಂಪನಿ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಇಷ್ಟು ಗೊತ್ತಿದ್ದೇ ಸೇರಿ, ಆಮೇಲೆ ಮೋಸವಾಯಿತು ಎಂದು ಅಳಬೇಡಿ. ಆದರೆ ಅದೇ ಕಾಯ್ದೆಯಲ್ಲಿ ಸ್ಟೈಪೆಂಡಿನ ಮಾತಿದೆ, ಕೆಲಸದ ಹೊತ್ತಿನ ಮಾತಿದೆ, ಗಾಯವಾದರೆ ಪರಿಹಾರದ ಮಾತೂ ಇದೆ. 2019ರ ತಿದ್ದುಪಡಿಯಲ್ಲಿ ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ಎಂದು ನಿಗದಿ ಮಾಡಿದರು. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಿಮ್ಮ ಒಪ್ಪಂದ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ದಾಖಲಾಗಿದೆಯೇ, ಅದನ್ನೊಂದು ನೋಡಿಕೊಳ್ಳಿ. ದಾಖಲಾಗದಿದ್ದರೆ ನೀವು ಅಪ್ರೆಂಟಿಸ್ ಅಲ್ಲ, ಅಗ್ಗದ ಕೂಲಿ. ಕೊನೆಗೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟಿಗೆ ರೈಲ್ವೆಯಲ್ಲೂ ಬೆಲೆಯಿದೆ, ಸಾರ್ವಜನಿಕ ಉದ್ದಿಮೆಗಳಲ್ಲೂ ಬೆಲೆಯಿದೆ.

ಯುವನಿಧಿಯ ವಿಷಯವೂ ಬರುತ್ತದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ, ಕೆಲಸ ಸಿಕ್ಕ ತಕ್ಷಣ ನಿಲ್ಲುತ್ತದೆ. ಸಂದರ್ಶನಕ್ಕೆ ಹೋಗುವ ಬಸ್ಸಿಗೆ, ಅರ್ಜಿ ಫೀಸಿಗೆ, ಒಂದು ಜೊತೆ ಒಳ್ಳೆಯ ಬಟ್ಟೆಗೆ ಈ ಹಣ ಆಸರೆ. ತೆಗೆದುಕೊಳ್ಳಿ, ಸಂಕೋಚ ಬೇಡ. ಆದರೆ ಈ ಮೂರು ಸಾವಿರ ತಪ್ಪುತ್ತದಲ್ಲ ಎಂದು ಬಂದ ಕೆಲಸ ಬಿಟ್ಟವರೂ ನನ್ನ ಕಣ್ಣಿಗೆ ಬಿದ್ದಿದ್ದಾರೆ. ಎರಡು ವರ್ಷ ಕಳೆದ ಮೇಲೆ ಸಂದರ್ಶನದಲ್ಲಿ "ಇಷ್ಟು ದಿನ ಏನು ಮಾಡುತ್ತಿದ್ದೆ?" ಎಂದರೆ ಅವರ ಬಳಿ ಉತ್ತರ ಇರುವುದಿಲ್ಲ.

ಕೆಲಸ ಕಲಿಯುವುದೆಂದರೆ ಏನನ್ನು ಕಲಿಯಬೇಕು ಎಂಬುದಕ್ಕೆ ನನ್ನ ವರ್ಕ್‌ಶಾಪಿನದೇ ಒಂದು ಮಾತು ಹೇಳುತ್ತೇನೆ. ಫಿಟ್ಟರ್‌ಗೆ ಸೇರಿದವರಿಗೆ ಮೊದಲ ವಾರಗಳಲ್ಲಿ ಕೊಡುವುದು ಒಂದು ಕಬ್ಬಿಣದ ತುಂಡು, ಒಂದು ಅರ. ವೈಸಿಗೆ ಬಿಗಿದು ಉಜ್ಜಬೇಕು, ಮುಖ ಸಮತಟ್ಟಾಗಬೇಕು, ಮೂಲೆ ನೇರವಾಗಬೇಕು. ಟ್ರೈ ಸ್ಕ್ವೇರ್ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದರೆ ನಡುವೆ ಬೆಳಕಿನ ಗೆರೆ ಕಾಣಬಾರದು. ಕಂಡರೆ ಮತ್ತೆ ಉಜ್ಜು. ನಾಲ್ಕನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ. "ಸಿಎನ್‌ಸಿ ಕಾಲದಲ್ಲಿ ಇದೆಂಥದು ಸರ್" ಎಂದು ಗೊಣಗುವ ಹುಡುಗರೇ ಹೆಚ್ಚು. ಒಬ್ಬ ಇದ್ದ. ತುಂಡು ಕೆಟ್ಟುಹೋಯಿತು ಎಂದು ತಾನೇ ತಂದು ಮೇಜಿನ ಮೇಲಿಟ್ಟ. ವರ್ನಿಯರ್‌ನಲ್ಲಿ ಅಳೆದು ಎಷ್ಟು ಕಡಿಮೆಯಾಗಿದೆ ಎಂಬುದನ್ನೂ ಚಾಕ್‌ನಲ್ಲಿ ಬರೆದಿದ್ದ. ಉಳಿದವರು ಕೆಟ್ಟ ತುಂಡನ್ನು ಗೆಳೆಯನ ಒಳ್ಳೆಯ ತುಂಡಿನ ಜೊತೆ ಬದಲಾಯಿಸಿ ತೋರಿಸುತ್ತಿದ್ದರು, ಮೇಷ್ಟ್ರಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯದಿಂದ. ಕಾರ್ಖಾನೆಯ ಸೂಪರ್‌ವೈಸರ್‌ಗಳು ನನ್ನ ಬಳಿ ಹುಡುಗರನ್ನು ಕೇಳಲು ಬಂದಾಗ ಮಾರ್ಕ್ಸ್ ಕಾರ್ಡ್ ಕೇಳಿದ್ದು ಕಡಿಮೆ. "ಪೀಸ್ ಕೆಟ್ಟರೆ ಹೇಳುತ್ತಾನಾ? ಸೋಮವಾರ ಬರುತ್ತಾನಾ?" ಇವೆರಡೇ ಪ್ರಶ್ನೆ. ಕೆಟ್ಟ ಪೀಸನ್ನು ಸುಮ್ಮನೆ ಟ್ರೇಯಲ್ಲಿ ಸೇರಿಸಿದರೆ ಇಡೀ ಲಾಟು ವಾಪಸ್ಸು ಬರುತ್ತದೆ. ಅದರ ನಷ್ಟ ನಿಮ್ಮ ವರ್ಷದ ಸಂಬಳಕ್ಕಿಂತ ದೊಡ್ಡದಿರಬಹುದು. ಸಾಫ್ಟ್ ಸ್ಕಿಲ್ಸ್ ಎಂದು ಟೈ ಕಟ್ಟಿಕೊಂಡು ಕಲಿಸುತ್ತಾರಲ್ಲ, ಅದರಲ್ಲಿ ಮುಖ್ಯವಾದದ್ದು ಇಷ್ಟೇ. ಹಸ್ತಲಾಘವ, ಗುಡ್ ಮಾರ್ನಿಂಗ್ ಎಲ್ಲ ತಾವಾಗಿ ಬರುತ್ತವೆ.

ಕೆಲಸದ ಪತ್ರ ಕೈಗೆ ಬಂದ ದಿನ ಸಿಹಿ ಹಂಚುವ ಮೊದಲು ಅದನ್ನು ಓದಿ. ಮೇಲೆ ಯಾರ ಹೆಸರಿದೆ, ದೊಡ್ಡ ಕಂಪನಿಯದ್ದೋ, ಕಾಂಟ್ರಾಕ್ಟರನದ್ದೋ? ಕಾಂಟ್ರಾಕ್ಟರನದ್ದಾದರೆ ಕೆಲಸ ಬೇಡ ಎನ್ನುತ್ತಿಲ್ಲ, ಆದರೆ ಪಿಎಫ್ ಕಟ್ಟಬೇಕಾದವನೂ ಅವನೇ, ನಾಳೆ ತೆಗೆಯುವವನೂ ಅವನೇ ಎಂಬುದು ನೆನಪಿರಲಿ. 15,000 ರೂಪಾಯಿ ವೇತನ ಎಂದಿದ್ದರೆ ಅಷ್ಟೂ ಕೈಗೆ ಬರುವುದಿಲ್ಲ. ಪಿಎಫ್‌ಗೆ ಶೇ 12, ಅಂದರೆ 1,800. ಇಎಸ್‌ಐಗೆ ಶೇ 0.75, ಅಂದರೆ ನೂರ ಹದಿಮೂರು. ಉಳಿದದ್ದರಲ್ಲಿ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ನರಸಾಪುರದಲ್ಲೋ ರೂಮಿನ ಪಾಲು, ಮೆಸ್ಸು, ಮೊಬೈಲು. ಮೊದಲ ಎರಡು ತಿಂಗಳು ಊರಿಗೆ ದುಡ್ಡು ಕಳಿಸಲು ಆಗುವುದಿಲ್ಲ. ಇದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ. ಹೇಳದೆ ಹೋದ ಹುಡುಗ ಊರಿನ ಬಾಯಿಗೆ ಹೆದರಿ ಸಾಲ ಮಾಡಿ ಕಳಿಸುತ್ತಾನೆ, ಆರನೇ ತಿಂಗಳಿಗೆ ಸೋತು ವಾಪಸ್ ಬರುತ್ತಾನೆ. ಕಡಿತವಾದ ದುಡ್ಡು ಹೋದ ದುಡ್ಡಲ್ಲ. ಇಎಸ್‌ಐ ಕಾರ್ಡ್ ಇದ್ದರೆ ನಿಮಗಷ್ಟೇ ಅಲ್ಲ, ನಿಮ್ಮನ್ನೇ ನೆಚ್ಚಿಕೊಂಡ ತಂದೆತಾಯಿಗೂ ಚಿಕಿತ್ಸೆ ಇದೆ.

ಹೆಣ್ಣುಮಕ್ಕಳ ತಂದೆತಾಯಿಗೂ ಎರಡು ಮಾತು. ಮಗಳನ್ನು ತರಬೇತಿಗೆ ಕಳಿಸಿ, ಪ್ಲೇಸ್‌ಮೆಂಟ್ ಬಂದಾಗ "ಅಷ್ಟು ದೂರ ಬೇಡ" ಎನ್ನುವುದು ಯಾವ ನ್ಯಾಯ? ಭಯ ಇದ್ದರೆ ಕಾರ್ಖಾನೆಯ ಹಾಸ್ಟೆಲ್ಲಿಗೆ ನೀವೇ ಹೋಗಿ ನೋಡಿ, ವಾರ್ಡನ್ ಜೊತೆ ಮಾತಾಡಿ, ರಾತ್ರಿ ಪಾಳಿಗೆ ವಾಹನ ಇದೆಯೇ ಕೇಳಿ. ಅದನ್ನು ಕೇಳುವ ಹಕ್ಕು ನಿಮಗಿದೆ. ಸುಮ್ಮನೆ ಬೇಡ ಎನ್ನುವ ಹಕ್ಕು ಇದೆಯೇ ಎಂದು ನೀವೇ ಯೋಚಿಸಿ. ಹತ್ತಿರದ ಊರಲ್ಲೇ ಕೆಲಸವಾದರೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚಿನ ನೆಪವೂ ಉಳಿದಿಲ್ಲ.

ಒಂದು ಕೆಲಸದಲ್ಲೇ ಜೀವಮಾನ ಕಳೆಯಿರಿ ಎಂದು ನಾನು ಹೇಳುವುದಿಲ್ಲ, ಅದು ನಮ್ಮ ಕಾಲಕ್ಕೇ ಮುಗಿಯಿತು. ಆದರೆ ಮೊದಲ ಕೆಲಸದಲ್ಲಿ ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ ನಿಲ್ಲಿ. ಯಂತ್ರದ ಸದ್ದು ಬದಲಾದರೆ ಟೂಲ್ ಸವೆದಿದೆ ಎಂದು ಕಿವಿಗೇ ತಿಳಿಯುವುದಕ್ಕೆ ಅಷ್ಟು ಕಾಲ ಬೇಕು. ಆಮೇಲೆ ಹೋಗುವುದಾದರೆ ಹೇಳಿ ಹೋಗಿ. ಯುಗಾದಿಗೋ ಊರ ಜಾತ್ರೆಗೋ ಎಂದು ರಜೆ ಹಾಕಿ ಬಂದವರು ಫೋನ್ ಸ್ವಿಚ್ ಆಫ್ ಮಾಡಿಕೊಂಡು ಅಲ್ಲೇ ಉಳಿದುಬಿಡುತ್ತಾರೆ. ದುಡಿದ ಕೊನೆಯ ದಿನಗಳ ಸಂಬಳ ಬಾಕಿ ಉಳಿಯುತ್ತದೆ, ಅನುಭವ ಪತ್ರ ಸಿಗುವುದಿಲ್ಲ. ಹೊಸ ಕಡೆ ಮತ್ತೆ ಫ್ರೆಶರ್ ಎಂದೇ ಶುರು. ಒಂದು ಇಮೇಲ್ ಬರೆಯಿರಿ, ನೋಟಿಸ್ ಅವಧಿ ಮುಗಿಸಿ, ರಿಲೀವಿಂಗ್ ಲೆಟರ್ ಕೇಳಿ ಪಡೆಯಿರಿ. ಪಿಎಫ್ ಹಣ ಬಿಡಿಸಿಕೊಂಡು ಮೊಬೈಲ್ ಕೊಳ್ಳುವ ಅವಸರ ಬೇಡ. ಹತ್ತು ವರ್ಷದ ಸೇವೆ ಕೂಡಿದರೆ ಪಿಂಚಣಿಯ ಹಕ್ಕು ಬರುತ್ತದೆ, ನಡುವೆ ಬಿಡಿಸಿಕೊಂಡರೆ ಲೆಕ್ಕ ಮತ್ತೆ ಸೊನ್ನೆಯಿಂದ. ಹೊಸ ಕಂಪನಿಗೆ ಸೇರಿದ ದಿನವೇ ಹಳೆಯ ಯುಎಎನ್ ನಂಬರ್ ಕೊಟ್ಟು, ಖಾತೆ ವರ್ಗಾವಣೆಯಾಯಿತೇ ಎಂದು ಒಂದೆರಡು ತಿಂಗಳು ಬಿಟ್ಟು ನೋಡಿಕೊಳ್ಳಿ.