‘ಚಾರ್ಜ್’ ಎಂಬ ಪದವನ್ನು ಕುರಿತು
ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನು ಹೊತ್ತು, ಕೇಂದ್ರ ಸರ್ಕಾರದ ನೌಕರರಿಗೆ ವಸತಿಯಾಗಿರುವ ದೆಹಲಿಯ ಕಿದ್ವಾಯಿ ನಗರದಂಥ ಬಡಾವಣೆಯಲ್ಲಿ, ‘ಚಾರ್ಜ್’ ಎಂಬ ಆಂಗ್ಲಪದವು ಕನ್ನಡಿಗರ ನಾಲಗೆಯ ಮೇಲೂ ದಿನವಿಡೀ ಸುಳಿದಾಡುವುದು ಸಹಜವೇ ಸರಿ. ಆದರೆ ಈ ಒಂದು ಪದದ ಒಡಲಲ್ಲಿರುವ ಅರ್ಥಗಳು ಹಲವು. ಒಂದೊಂದಕ್ಕೂ ಕನ್ನಡದಲ್ಲಿ ಬೇರೆಬೇರೆ ಮಾತುಗಳುಂಟು. ವರ್ಗವಾಗಿ ಬಂದ ಅಧಿಕಾರಿಯು ವಹಿಸಿಕೊಳ್ಳುವುದು ಅಧಿಕಾರವನ್ನು. ತೆರವಾದ ಹುದ್ದೆಯನ್ನು ತಾತ್ಕಾಲಿಕವಾಗಿ ನಿರ್ವಹಿಸುವವನು ಪ್ರಭಾರಿ. ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವುದು ಆರೋಪಪಟ್ಟಿ. ಸೇವೆಗಾಗಿ ನಾವು ತೆರುವುದು ಶುಲ್ಕ. ಗುಂಪನ್ನು ಚದುರಿಸಲು ನಡೆಸುವುದು ಲಾಠಿ ಪ್ರಹಾರ. ಭೌತಶಾಸ್ತ್ರದಲ್ಲಿ ‘ಚಾರ್ಜ್’ ಎಂದರೆ ವಿದ್ಯುದಾವೇಶ. ಇವು ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲಬಲ್ಲ ಪರ್ಯಾಯಪದಗಳಲ್ಲ: ‘ಪ್ರಭಾರ’ವೆನ್ನಬೇಕಾದೆಡೆ ‘ಪ್ರಹಾರ’ವೆಂದು ಬರೆದರೆ ಹೊಣೆಯು ಹೊಡೆತವಾಗಿ ಪರಿಣಮಿಸುತ್ತದೆ. ಮೊಬೈಲಿಗೆ ‘ಚಾರ್ಜ್ ಹಾಕುವ’ ಮಾತು ಬಳಕೆಯಲ್ಲಿ ನೆಲೆಗೊಂಡಿದೆ. ಅದು ಹಾಗೆಯೇ ಇರಲಿ. ಉಳಿದೆಡೆ, 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟಿನಂಥ ಕೋಶವೊಂದನ್ನು ಮನೆಯಲ್ಲಿರಿಸಿಕೊಂಡು, ಮೊದಲು ಸಂದರ್ಭವನ್ನು ವಿಚಾರಿಸಿ, ಬಳಿಕ ಅದಕ್ಕೊಪ್ಪುವ ಪದವನ್ನು ಆರಿಸುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಿಮ್ಮ ಮಕ್ಕಳಿಗೂ ಅದನ್ನು ಕಲಿಸಿರಿ.