ಛಾಯಾಚಿತ್ರಣದ ಮೊದಲ ಪರಿಭಾಷೆ: ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಒಂದು ಪಾಠ

ಮಡಕಶಿರಾ ಸೀಮೆಯ ಹೇಮಾವತಿ ಇಂದು ಒಂದು ಸಣ್ಣ ಊರು. ಹೆಂಜೇರು ಎಂಬ ಹಳೆಯ ಹೆಸರಿನಲ್ಲಿ ಅದು ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ದೇವಾಲಯಗಳ ಕಂಬ, ಜಾಲಂಧ್ರಗಳಂತೆಯೇ ಸುತ್ತಲಿನ ಕನ್ನಡ ಶಾಸನಗಳೂ ನಾಡಿನ ಚರಿತ್ರೆಗೆ ಆಧಾರಗಳಾಗಿವೆ. ಮಡಕಶಿರಾ ಅನಂತಪುರ ಜಿಲ್ಲೆಯ ತಾಲ್ಲೂಕಾಗಿ ಬಹುಕಾಲ ಉಳಿದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗವು 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದಾಗ, ಆದವಾನಿ ಮತ್ತು ಆಲೂರುಗಳೊಡನೆ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟಿತು. ಆಡಳಿತದ ಗಡಿ ಸರಿಯಿತು. ಕಲ್ಲಿನ ಮೇಲಿನ ಕನ್ನಡ ಸರಿಯಲಿಲ್ಲ.

ಈ ಭಾಗದ ವಿದ್ಯಾರ್ಥಿಯ ಕೈಯಲ್ಲಿ ಈಗ ಕ್ಯಾಮರಾ ಉಳ್ಳ ಮೊಬೈಲು ಇದೆ. ಹೊಲದ ಬದುವಿನಲ್ಲಿ ಕಂಡ ಶಾಸನದ ಪಟ ತೆಗೆದು ವಿದ್ವಾಂಸರಿಗೆ ಕಳುಹಿಸುವುದು ಕ್ಷಣದ ಕೆಲಸ. ಆದರೆ ಹಾಗೆ ತೆಗೆದ ಪಟದಲ್ಲಿ ಕಲ್ಲು ಕಂಡು ಅಕ್ಷರ ಕಾಣದಿರುವುದೇ ಹೆಚ್ಚು. ಕೊರತೆ ಯಂತ್ರದ್ದಲ್ಲ. ಬೆಳಕು ಹೇಗೆ ಬಿದ್ದಿದೆ, ಎಷ್ಟು ಬಿದ್ದಿದೆ, ಯಾವುದು ಸ್ಪಷ್ಟವಾಗಿದೆ ಎಂಬುದನ್ನು ಗುರುತಿಸುವ ಮಾತುಗಳು ಕೈಯಲ್ಲಿಲ್ಲದಿರುವುದೇ ಕೊರತೆ. ಹೆಸರಿಲ್ಲದ್ದನ್ನು ಕಣ್ಣು ಹುಡುಕುವುದಿಲ್ಲ. ಆದುದರಿಂದ ಪರಿಭಾಷೆಯ ಅಭ್ಯಾಸ ಇಲ್ಲಿ ಕೇವಲ ಪದಪಟ್ಟಿಯ ಕಂಠಪಾಠವಲ್ಲ.

1. ಛಾಯೆ ಮತ್ತು ಬೆಳಕು

ಫೋಟೊಗ್ರಫಿ ಎಂಬ ಪದವನ್ನು 1839ರಲ್ಲಿ ಬಳಕೆಗೆ ತಂದವರಲ್ಲಿ ಪ್ರಮುಖನು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಗ್ರೀಕ್ ಮೂಲದಲ್ಲಿ ಅದರ ಅರ್ಥ ಬೆಳಕಿನ ಬರೆಹ. ಕನ್ನಡವೂ ತೆಲುಗೂ ಇದಕ್ಕೆ ಛಾಯಾಚಿತ್ರ ಎಂದವು. ಮರಾಠಿಯಲ್ಲಿ ಛಾಯಾಚಿತ್ರದೊಡನೆ ಪ್ರಕಾಶಚಿತ್ರವೂ ಇದೆ. ಬೆಳಕಿನ ಬರೆಹವನ್ನು ನೆರಳಿನ ಚಿತ್ರವೆಂದು ಕರೆದದ್ದು ತಪ್ಪೆಂದು ತೋರಬಹುದು. ಆದರೆ ಸಂಸ್ಕೃತದಲ್ಲಿ ಛಾಯೆ ಎಂದರೆ ನೆರಳು ಮಾತ್ರವಲ್ಲ; ಪ್ರತಿಬಿಂಬ, ಕಾಂತಿ ಎಂಬ ಅರ್ಥಗಳೂ ಅದಕ್ಕಿವೆ. ನಾಟಕಗಳಲ್ಲಿ ಪ್ರಾಕೃತದ ಮಾತಿಗೆ ಕೊಡುವ ಸಂಸ್ಕೃತ ರೂಪವನ್ನು ಛಾಯೆ ಎನ್ನುವುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ತಿಳಿದದ್ದೇ.

ಬೆಳಕು ಎಂಬುದು ಅಚ್ಚ ದ್ರಾವಿಡ ಪದ. ತೆಲುಗಿನ ವೆಲುಗು ಅದರ ಜ್ಞಾತಿ. ಬೇರು–ವೇರು ಜೋಡಿಯಲ್ಲಿ ಕಾಣುವ ಬಕಾರ–ವಕಾರಗಳ ಸಂಬಂಧವೇ ಇಲ್ಲಿಯೂ ಇದೆ. ಆದರೆ ರೂಪ ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಆಗುವುದಿಲ್ಲ. ಕನ್ನಡದಲ್ಲಿ ಭಾವಚಿತ್ರವೆಂದರೆ ವ್ಯಕ್ತಿಯ ಮುಖ ತೋರುವ ಪಟ, ಅರ್ಜಿಗೆ ಅಂಟಿಸುವಂಥದು. ತೆಲುಗು ವಿಮರ್ಶೆಯಲ್ಲಿ ಅದೇ ಪದ ಕಾವ್ಯದ ಪ್ರತಿಮೆಯನ್ನು ಸೂಚಿಸುತ್ತದೆ. ಎರಡು ಭಾಷೆಗಳ ನಡುವೆ ಬಾಳುವವರು ಇಂತಹ ಪದಗಳಲ್ಲಿ ಎಚ್ಚರದಿಂದಿರಬೇಕು.

2. ರಂಧ್ರ, ಮಸೂರ, ಸಂಗಮ

ಕ್ಯಾಮರಾ ಎಂದರೆ ಲ್ಯಾಟಿನ್ನಿನಲ್ಲಿ ಕೋಣೆ. ಕತ್ತಲೆಯ ಕೋಣೆಗೆ ಸಣ್ಣ ರಂಧ್ರದಿಂದ ಬೆಳಕು ಹೊಕ್ಕರೆ ಹೊರಗಿನ ದೃಶ್ಯ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಇದನ್ನು ಕಾಣಲು ಪ್ರಯೋಗಶಾಲೆ ಬೇಕಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ಒಳಕೋಣೆಯೊಂದರ ಗೋಡೆಯ ಮೇಲೆ ಮುಖ್ಯ ಗೋಪುರದ ಬಿಂಬ ಹೀಗೆಯೇ ತಲೆಕೆಳಗಾಗಿ ಬೀಳುತ್ತದೆ. ಜನರು ಅದನ್ನು ಗೋಪುರದ ನೆರಳೆನ್ನುತ್ತಾರೆ. ಶಾಸ್ತ್ರದ ಮಾತಿನಲ್ಲಿ ಅದು ನೆರಳಲ್ಲ, ಬಿಂಬ. ಬೆಳಕು ತಡೆದಲ್ಲಿ ನೆರಳು. ಬೆಳಕು ಬಂದು ಸೇರಿದಲ್ಲಿ ಬಿಂಬ.

ರಂಧ್ರದಲ್ಲಿ ಗಾಜನ್ನಿಟ್ಟರೆ ಬಿಂಬ ಉಜ್ವಲವಾಗುತ್ತದೆ. ಆ ಗಾಜಿಗೆ ಕನ್ನಡದಲ್ಲಿ ಮಸೂರ ಎಂದು ಹೆಸರು. ಮಸೂರವೆಂದರೆ ಒಂದು ಬಗೆಯ ಬೇಳೆಕಾಳು. ಲ್ಯಾಟಿನ್ನಿನ ಲೆನ್ಸ್ ಎಂಬುದಕ್ಕೂ ಅದೇ ಅರ್ಥ. ಎರಡೂ ಬದಿ ಉಬ್ಬಿದ ಆಕಾರವೇ ಹೆಸರಿಗೆ ಕಾರಣ. ತೆಲುಗಿನಲ್ಲಿ ಇದು ಕಟಕ. ಸಂಸ್ಕೃತದ ಕಟಕವೆಂದರೆ ಬಳೆ, ವಲಯ. ಅದರ ತದ್ಭವವೇ ಕನ್ನಡದ ಕಡಗ. ಮರಾಠಿಯವರು ಭಿಂಗ ಎನ್ನುತ್ತಾರೆ. ವಸ್ತು ಒಂದು, ಹೆಸರು ಮೂರು. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತೆಲುಗು ಇರುವ ಬಾಲಕನಿಗೆ ಈ ನಂಟನ್ನು ಬಿಡಿಸಿ ಹೇಳಿದರೆ ಎರಡೂ ಪದಗಳು ಉಳಿಯುತ್ತವೆ. ಹೇಳದಿದ್ದರೆ ಎರಡೂ ಹೊರೆಯಾಗುತ್ತವೆ.

ಫೋಕಸ್ ಎಂಬುದನ್ನು ಕನ್ನಡ ವಿಜ್ಞಾನ ಪಠ್ಯಗಳು ಸಂಗಮ ಎಂದೂ ತೆಲುಗಿನವು ನಾಭಿ ಎಂದೂ ಕರೆದಿವೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಒಲೆ ಎಂದರ್ಥ. ಮಸೂರವು ಬಿಸಿಲನ್ನು ಕೂಡಿಸುವ ಬಿಂದುವಿನಲ್ಲಿ ಕಾಗದ ಹೊತ್ತಿಕೊಳ್ಳುತ್ತದೆಂಬುದನ್ನು ನೆನೆದರೆ ಅರ್ಥ ಹೊಳೆಯುತ್ತದೆ. 1604ರಲ್ಲಿ ಕೆಪ್ಲರ್ ಇದನ್ನು ಶಾಸ್ತ್ರಕ್ಕೆ ತಂದನು. ನದಿಗಳು ಕೂಡುವೆಡೆಗೆ ಕನ್ನಡಿಗರು ಬಳಸುವ ಸಂಗಮ ಎಂಬ ಪದ ಕಿರಣಗಳು ಕೂಡುವೆಡೆಗೂ ಸಹಜವಾಗಿ ಒಪ್ಪುತ್ತದೆ.

3. ಬೆಳಕಿನ ಮೂರು ಅಳತೆಗಳು

ಬಿಂಬವು ದಾಖಲಾಗಲು ಬೇಕಾದ ಬೆಳಕನ್ನು ಮೂರು ಅಂಶಗಳು ನಿರ್ಧರಿಸುತ್ತವೆ.

ದ್ಯುತಿರಂಧ್ರ: ಮಸೂರದೊಳಗಿನ ತೆರಪು. ಇದನ್ನು ಎಫ್/4, ಎಫ್/5.6, ಎಫ್/8, ಎಫ್/11, ಎಫ್/16 ಎಂದು ಗುರುತಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ತೆರಪು ಕಿರಿದು. ಪ್ರತಿ ಮೆಟ್ಟಿಲಿಗೂ ಬೆಳಕು ಅರ್ಧಕ್ಕಿಳಿಯುತ್ತದೆ. ತೆರಪು ಕಿರಿದಾದಷ್ಟೂ ಹಿಂದುಮುಂದಿನ ವಸ್ತುಗಳು ಹೆಚ್ಚು ಸ್ಪಷ್ಟವಾಗುತ್ತವೆ. ಹೆಚ್ಚಿನ ಮೊಬೈಲುಗಳಲ್ಲಿ ಈ ತೆರಪು ಬದಲಾಗುವುದಿಲ್ಲ.

ಶಟರ್ ವೇಗ: ಬೆಳಕಿಗೆ ಬಾಗಿಲು ತೆರೆದಿರುವ ಕಾಲ. ಸೆಕೆಂಡಿನ 1/60, 1/125, 1/250 ಭಾಗಗಳಲ್ಲಿ ಇದರ ಎಣಿಕೆ. ಕಾಲ ದೀರ್ಘವಾದರೆ ಕೈಯ ನಡುಕವೂ ಪಟದಲ್ಲಿ ದಾಖಲಾಗುತ್ತದೆ.

ಸಂವೇದನೆ: ಫಿಲ್ಮು ಅಥವಾ ಗ್ರಾಹಕವು ಬೆಳಕಿಗೆ ತೋರುವ ಸ್ಪಂದನದ ಅಳತೆ. ಐಎಸ್‌ಒ 100, 200, 400 ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ಇದನ್ನು ಬಹಳ ಏರಿಸಿದರೆ ಪಟ ಮರಳು ಮರಳಾಗಿ ಕಾಣುತ್ತದೆ.

ಮೊದಲ ಎರಡು ಕೂಡಿ ನಿರ್ಧರಿಸುವ ಬೆಳಕಿನ ಪ್ರಮಾಣಕ್ಕೆ ಸ್ಟುಡಿಯೋಗಳಲ್ಲಿ ಎಕ್ಸ್‌ಪೋಷರ್ ಎನ್ನುತ್ತಾರೆ. ಕನ್ನಡದಲ್ಲಿ ಬೆಳಕಿಗೆ ಒಡ್ಡಿಕೆ ಎನ್ನಬಹುದು. ಎಫ್/8, 1/125 ಎಂಬ ಜೋಡಿ ಕೊಡುವಷ್ಟೇ ಬೆಳಕನ್ನು ಎಫ್/5.6, 1/250 ಎಂಬ ಜೋಡಿಯೂ ಕೊಡುತ್ತದೆ: ತೆರಪು ಹಿಗ್ಗಿದಷ್ಟು ಕಾಲ ಕುಗ್ಗಿದೆ. ನಿಚ್ಚಳ ಬಿಸಿಲಿಗೆ ಐಎಸ್‌ಒ 100 ಇದ್ದಾಗ ಎಫ್/16, 1/125 ಎಂಬ ಹಳೆಯ ರೂಢಿಯ ಲೆಕ್ಕ ರಾಯದುರ್ಗದ ಬಿಸಿಲಿಗೂ ಸಲ್ಲುತ್ತದೆ.

4. ಬೆಳಕಿನ ದಿಕ್ಕು

ಅಳತೆ ಸರಿಯಾದರೂ ದಿಕ್ಕು ತಪ್ಪಿದರೆ ಶಾಸನ ಓದಿಗೆ ಸಿಗುವುದಿಲ್ಲ. ಎದುರು ಬೆಳಕು ಕಲ್ಲನ್ನು ಸಮತಟ್ಟಾಗಿಸುತ್ತದೆ. ಅಕ್ಷರವೆಂಬುದು ಕಲ್ಲಿನಲ್ಲಿ ಕೊರೆದ ಹಳ್ಳ. ಹಳ್ಳ ಕಾಣಬೇಕಾದರೆ ಅದರಲ್ಲಿ ನೆರಳು ನಿಲ್ಲಬೇಕು. ಅದಕ್ಕೆ ಬೇಕಾದದ್ದು ಕಲ್ಲಿನ ಮೈಯನ್ನು ಸವರಿಕೊಂಡು ಬರುವ ಓರೆಬೆಳಕು. ಬೆಳಗಿನ, ಸಂಜೆಯ ಬಿಸಿಲಿನಲ್ಲಿ ಅದು ಅನೇಕ ಕಲ್ಲುಗಳಿಗೆ ತಾನಾಗಿ ಒದಗುತ್ತದೆ. ಉಳಿದವಕ್ಕೆ ಟಾರ್ಚು ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಬೆಳಕು ಗೆರೆಯ ಉದ್ದಕ್ಕೇ ಹರಿದರೆ ಆ ಗೆರೆಯಲ್ಲಿ ನೆರಳು ಬೀಳದು. ಎಡದಿಂದ ಬಂದ ಬೆಳಕಿನಲ್ಲಿ ಅಡ್ಡಗೆರೆಯಾದ ತಲೆಕಟ್ಟು ಮಾಸುತ್ತದೆ. ಮೇಲಿನಿಂದ ಬಂದ ಬೆಳಕಿನಲ್ಲಿ ನೆಟ್ಟನೆಯ ಗೆರೆ ಮಾಸುತ್ತದೆ. ಅಕ್ಷರಕ್ಕೂ ಅಕ್ಷರಕ್ಕೂ ಒಂದು ಗೆರೆಯಷ್ಟೇ ಅಂತರವಿರುವ ಲಿಪಿಯಲ್ಲಿ ಒಂದೇ ಪಟವನ್ನು ನಂಬಿದರೆ ಪಾಠವೇ ಬದಲಾದೀತು. ಆದುದರಿಂದ ಕ್ಯಾಮರಾವನ್ನು ಕದಲಿಸದೆ, ಎಡ, ಬಲ, ಮೇಲು ಎಂದು ಮೂರು ದಿಕ್ಕಿನ ಬೆಳಕಿನಲ್ಲಾದರೂ ಪಟ ತೆಗೆಯಬೇಕು. ಅಕ್ಷರಗಳಿಗೆ ಸೀಮೆಸುಣ್ಣ ತುಂಬಬಾರದು. ತುಂಬುವವನು ತನ್ನ ಊಹೆಯನ್ನು ತುಂಬುತ್ತಾನೆ, ಕಲ್ಲಿಗೂ ಹಾನಿ.

ಇದರ ಬೆಲೆಯನ್ನು ಅರಿಯಲು ಒಂದು ನಿದರ್ಶನ ಸಾಕು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯ ಛಾಯಾಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲಿದ್ದ ಇಟ್ಟಿಗೆಯ ಶಿಖರ ಅವುಗಳಲ್ಲಿದೆ. ಇಂದು ರಥದ ಮೇಲೆ ಅದಿಲ್ಲ. ದಕ್ಷಿಣ ಭಾರತ ಶಾಸನ ಸಂಪುಟಗಳ ಮಾಲೆಯಲ್ಲಿ 9ನೆಯದು ಹಳೆಯ ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳಿಗೆ ಮೀಸಲಾಗಿದೆ. ಅಲ್ಲಿ ಅಚ್ಚಾದ ಪಾಠಗಳ ಮೂಲ ಕಲ್ಲುಗಳು ಇಂದು ಹೇಗಿವೆ ಎಂಬುದನ್ನು ಸ್ಥಳದಲ್ಲಿದ್ದವರೇ ನೋಡಿ ದಾಖಲಿಸಬೇಕು.

ಅಭ್ಯಾಸ

1. ನೆರಳು, ಛಾಯೆ, ಬಿಂಬ, ಪ್ರತಿಮೆ: ಈ ನಾಲ್ಕರ ಅರ್ಥಭೇದವನ್ನು ಸ್ವಂತ ವಾಕ್ಯಗಳಲ್ಲಿ ತೋರಿಸಿರಿ.
2. ಎಫ್/16, 1/125 ಇದ್ದ ಒಡ್ಡಿಕೆಯನ್ನು ಬದಲಿಸದೆ ಎಫ್/8ಕ್ಕೆ ಬಂದರೆ ಶಟರ್ ವೇಗ ಎಷ್ಟಿರಬೇಕು?
3. ನಿಮ್ಮ ಊರಿನ ಸ್ಟುಡಿಯೋದಲ್ಲಿ ಬಳಕೆಯಾಗುವ ಹತ್ತು ಪದಗಳನ್ನು ಸಂಗ್ರಹಿಸಿ, ಕನ್ನಡ, ತೆಲುಗು, ಇಂಗ್ಲಿಷ್ ಮೂಲಗಳೆಂದು ವಿಂಗಡಿಸಿರಿ.
4. ಹತ್ತಿರದ ಒಂದು ಶಾಸನವನ್ನು ಮೂರು ದಿಕ್ಕಿನ ಬೆಳಕಿನಲ್ಲಿ ಚಿತ್ರಿಸಿ, ಪ್ರತಿಯೊಂದರಲ್ಲೂ ಹೊಸದಾಗಿ ಕಂಡ ಅಕ್ಷರಗಳನ್ನು ಗುರುತಿಸಿರಿ. ಸ್ಥಳ, ದಿನಾಂಕ, ವೇಳೆಗಳನ್ನು ಬರೆಯಲು ಮರೆಯಬಾರದು.