ಕೀಬೋರ್ಡಿನಲ್ಲಿ ಎಡಗೈಯ ಕೆಲಸ

ಮನೆಯಲ್ಲಿ ಕೀಬೋರ್ಡನ್ನು ನುಡಿಸುವ ಹುಡುಗಿಯರಲ್ಲಿ ಅನೇಕರು ಬಲಗೈಯಿಂದ ರಾಗವನ್ನು ಚೆನ್ನಾಗಿ ನುಡಿಸುತ್ತಾರೆ. ಎಡಗೈಯನ್ನಾದರೋ ಒಂದು ಬೆರಳಿಗೆ ಇಳಿಸಿ, ತಾಳವನ್ನೂ ಸ್ವರಮೇಳವನ್ನೂ ಯಂತ್ರಕ್ಕೇ ಒಪ್ಪಿಸಿಬಿಡುತ್ತಾರೆ. ಆದರೆ ಹಾಡುವವಳು ಉಸಿರಿಗೆಂದು ನಿಂತರೂ ಯಂತ್ರವು ನಿಲ್ಲದು. ಕಾಯಬಲ್ಲದ್ದು ಕೈ ಮಾತ್ರ. ಆದಕಾರಣ ತಾಯಂದಿರೂ ಹಳೆಯ ವಿದ್ಯಾರ್ಥಿನಿಯರೂ ಈ ಚಿಕ್ಕ ಪಾಠವನ್ನು ಮಕ್ಕಳೊಡನೆ ಕೂತು ಓದಬೇಕೆಂದು ಕೋರುತ್ತೇನೆ.

ಎರಡು ಕಪ್ಪು ಮನೆಗಳ ಗುಂಪಿಗೆ ಎಡಗಡೆ ಒತ್ತಿನಲ್ಲಿರುವ ಬಿಳಿ ಮನೆಯನ್ನು ಷಡ್ಜವೆಂದಿಟ್ಟುಕೊಳ್ಳಿರಿ. ಅಲ್ಲಿಂದ ಬಿಳಿ ಮನೆಗಳೇ ಶಂಕರಾಭರಣದ ಸ್ವರಗಳು. ಕಪ್ಪು ಬಿಳುಪೆನ್ನದೆ ಮನೆಗಳನ್ನು ಎಣಿಸುತ್ತಾ ಹೋದರೆ ನಾಲ್ಕನೆಯದು ಗ, ಅಲ್ಲಿಂದ ಮೂರನೆಯದು ಪ. ಕಿರುಬೆರಳು, ನಡುಬೆರಳು, ಹೆಬ್ಬೆರಳುಗಳಿಂದ ಸ-ಗ-ಪ ಒಟ್ಟಿಗೆ ಒತ್ತಿರಿ. ಇದು ಮೊದಲನೆಯ ಮೇಳ. ಗ ಒಂದು ಮನೆ ಇಳಿದರೆ ಅದೇ ಮೇಳಕ್ಕೆ ಕರುಣೆಯ ಛಾಯೆ ಬರುವುದು.

ಎರಡನೆಯದು ಸ-ಮ-ದ. ಕಿರುಬೆರಳು ಷಡ್ಜವನ್ನು ಬಿಡತಕ್ಕದ್ದಲ್ಲ. ತೋರುಬೆರಳು ಮ, ಹೆಬ್ಬೆರಳು ದ ಒತ್ತಲಿ. ಮೂರನೆಯದು ಕೆಳಗಿನ ನಿ, ರಿ, ಪ. ಮೊದಲನೆಯ ಮೇಳದಿಂದ ಇದಕ್ಕೆ ಹೋಗುವಾಗ ಹೆಬ್ಬೆರಳು ಪಂಚಮದಲ್ಲಿಯೇ ನಿಲ್ಲುವುದು. ಹೀಗೆ ಒಂದೊಂದು ಬೆರಳು ನೆಲೆಯಲ್ಲಿ ನಿಂತರೆ ಕೈ ಹಾರಾಡದು, ಕಣ್ಣು ಮನೆಗಳನ್ನು ಹುಡುಕದು.

ಯಾವ ಮೇಳವನ್ನು ಎಲ್ಲಿ ಒತ್ತಬೇಕು? ತಾಳದ ಮೊದಲ ಪೆಟ್ಟಿಗೆ ಬೀಳುವ ಸ್ವರವನ್ನು ಕೇಳಿರಿ. ಗ ಆದರೆ ಮೊದಲನೆಯದು, ಮ ಅಥವಾ ದ ಆದರೆ ಎರಡನೆಯದು, ರಿ ಅಥವಾ ನಿ ಆದರೆ ಮೂರನೆಯದು ಸಾಮಾನ್ಯವಾಗಿ ಹೊಂದುವುದು. ಸ ಮತ್ತು ಪ ಎರಡೆರಡು ಮೇಳಗಳಿಗೆ ಸೇರಿದುದರಿಂದ ಅಲ್ಲಿ ಕಿವಿಯೇ ತೀರ್ಪುಗಾರ. ಮೂರು ಪೆಟ್ಟಿನ ಹಾಡಾದರೆ ಮೊದಲ ಪೆಟ್ಟಿಗೆ ಕಿರುಬೆರಳು, ಉಳಿದೆರಡಕ್ಕೆ ಮಿಕ್ಕ ಎರಡು ಬೆರಳುಗಳು. ಗಮಕಪ್ರಧಾನವಾದ ಕೀರ್ತನೆಗಳಿಗಾದರೋ ಮೇಳವು ಸಲ್ಲದು. ಸ-ಪ ಶ್ರುತಿಯೇ ಸಾಕು.

ಯಂತ್ರದ ಒಂದು ಉಪಕಾರವನ್ನು ಮಾತ್ರ ಧಾರಾಳವಾಗಿ ಪಡೆಯಬಹುದು: ಅಜ್ಜಿ ಹಾಡಿದರೆ ಅವರ ಕಂಠಕ್ಕೆ ತಕ್ಕಂತೆ ಶ್ರುತಿಯನ್ನು ಇಳಿಸುವ ಗುಂಡಿ. ಬೆರಳುಗಳ ಪಾಠ ಬದಲಾಗದು.

ದಿನಕ್ಕೆ ಕಾಲುಗಂಟೆಯ ಅಭ್ಯಾಸ ಸಾಕು. ಜೊತೆಗೊಡುವವಳ ಜಾಣ್ಮೆಯು ತನ್ನ ಸದ್ದಿನಲ್ಲಿಲ್ಲ. ಹಾಡುವವಳ ಮಾತು ಕಡೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳುವುದರಲ್ಲಿದೆ.